ಹಳಿ ಹಾಗೆಯೇ ಇರಲಿ, ಕಥೆ ಬದಲಾಗಲಿ: ಹಳೆಯ ಮನರಂಜನಾ ಸವಾರಿಗಳನ್ನು ಇಂದಿಗೆ ಒಗ್ಗಿಸುವ ಬಗೆ

ವಿಜಯದಶಮಿಯ ರಾತ್ರಿ ಮಡಿಕೇರಿಯ ರಸ್ತೆಬದಿಯಲ್ಲಿ ನಿಂತು ದಶಮಂಟಪಗಳನ್ನು ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿದೆ. ಹತ್ತು ದೇವಾಲಯಗಳಿಂದ ಪುರಾಣದ ದೃಶ್ಯ ಹೊತ್ತು ಮೆರವಣಿಗೆ ಹೊರಡುವ ಹತ್ತು ಮಂಟಪಗಳು. ಟ್ರ್ಯಾಕ್ಟರ್ ಅದೇ, ಕಬ್ಬಿಣದ ಚೌಕಟ್ಟು ಅದೇ, ರಾಕ್ಷಸನ ಕೈಯನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಕೂಡ ಎಷ್ಟೋ ಸಲ ಹೋದ ವರ್ಷದ್ದೇ. ಬದಲಾಗುವುದು ಕಥೆ. ಹೋದ ವರ್ಷ ಒಬ್ಬ ಅಸುರನನ್ನು ಎತ್ತಿ ಹಿಡಿದ ಚೌಕಟ್ಟು ಈ ವರ್ಷ ಗರುಡನನ್ನು ಹೊತ್ತಿರುತ್ತದೆ. ನೋಡುವವರು ಕತ್ತೆತ್ತಿ ನಿಲ್ಲುವುದಂತೂ ಪ್ರತಿ ವರ್ಷವೂ ಅದೇ ಉಸಿರುಗಟ್ಟಿದ ಬೆರಗಿನಿಂದ.

ನಾನು ಹಲವು ವರ್ಷ ಮಂಟಪಗಳ ಗೊಂಬೆಗಳಿಗೆ ಚಲನವಲನ ಕೂರಿಸುವ ಕೆಲಸ ಮಾಡಿದವನು. ಕೆಲವು ವರ್ಷಗಳ ಹಿಂದೆ ಕುಶಾಲನಗರದ ಕಡೆಯ ಒಂದು ಸಣ್ಣ ಮನರಂಜನಾ ಉದ್ಯಾನದವರು ತಮ್ಮ ಹಳೆಯ ದೋಣಿ ಸವಾರಿಯ ಗೊಂಬೆಗಳಿಗೆ ಬಣ್ಣ ಹಚ್ಚಿಕೊಡಿ ಎಂದು ಕರೆದರು. ಕಾಲುವೆಯಲ್ಲಿ ದೋಣಿ ಹೋಗುತ್ತದೆ, ಎರಡೂ ಬದಿ ಸಿಮೆಂಟಿನ ಕಾಡು. ತಿರುವಿನಲ್ಲಿ ಎಲೆಯ ಲಂಗ ಉಟ್ಟ, ಡಾಂಬರಿನಂತೆ ಕಪ್ಪು ಬಳಿದ ಎಂಟು ಗೊಂಬೆಗಳು ಈಟಿ ಹಿಡಿದು ಹಂಡೆಯ ಸುತ್ತ ಕುಣಿಯುತ್ತಿದ್ದವು. ಧ್ವನಿವರ್ಧಕದಲ್ಲಿ ಯಾವ ಭಾಷೆಯೂ ಅಲ್ಲದ ಕೂಗು. ಫಲಕದ ಮೇಲೆ ‘ಕಾಡುಜನರ ಊರು’. ನಾನು ಬಣ್ಣದ ಡಬ್ಬಿ ಹಿಡಿದು ನಿಂತಿದ್ದಾಗ ಶಾಲಾ ಪ್ರವಾಸದ ಒಂದು ತಂಡ ಬಂತು. ಗೊಂಬೆಗಳನ್ನು ನೋಡಿ ಮಕ್ಕಳೆಲ್ಲ ನಕ್ಕರು. ಕೊನೆಯ ಸಾಲಿನಲ್ಲಿದ್ದ ಇಬ್ಬರು ಹುಡುಗಿಯರು ನಗಲಿಲ್ಲ, ದೋಣಿಯ ಅಂಚನ್ನು ನೋಡುತ್ತ ಕುಳಿತಿದ್ದರು. ಅವರು ತಿತಿಮತಿ ಕಡೆಯ ಹಾಡಿಯ, ಅಂದರೆ ಆದಿವಾಸಿಗಳ ಊರಿನ, ಮಕ್ಕಳು ಎಂದು ಆಮೇಲೆ ಅವರ ಶಿಕ್ಷಕರಿಂದ ತಿಳಿಯಿತು. ಜೇನು ಕುರುಬರು, ಬೆಟ್ಟ ಕುರುಬರು, ಯರವರು, ಕುಡಿಯರು ಬಾಳುವ ಜಿಲ್ಲೆಯಲ್ಲಿ ಇಂಥ ತಿರುವೊಂದು ಇದೆಯೆಂಬುದು ನನಗೆ ಆ ದಿನ ಸಹಿಸಲಾಗಲಿಲ್ಲ. ಬಣ್ಣ ಹಚ್ಚುವ ಕೆಲಸ ಅಲ್ಲಿಗೆ ನಿಂತಿತು. ಅದರ ಬದಲಿಗೆ ನಾವು ಮಾಡಿದ ಕೆಲಸ ಮತ್ತು ಆಗ ಕಲಿತದ್ದು ಇಲ್ಲಿದೆ. ರೆಸಾರ್ಟ್, ಹೋಮ್‌ಸ್ಟೇ, ಮಕ್ಕಳ ಉದ್ಯಾನ, ಜಾತ್ರೆಯ ಆಟಗಳನ್ನು ನಡೆಸುವ ಯಾರಿಗಾದರೂ ಉಪಯೋಗವಾಗಬಹುದು.

ಮೊದಲು ಹಳಿ ಬೇರೆ, ಕಥೆ ಬೇರೆ ಮಾಡಿ

ಸವಾರಿಯೊಂದರಲ್ಲಿ ಎರಡು ವಸ್ತುಗಳಿವೆ. ಒಂದು, ಹೊಟ್ಟೆಯಲ್ಲಿ ಚಿಟ್ಟೆ ಹಾರಿಸುವ ಯಂತ್ರ: ಹಳಿ, ಕಾಲುವೆ, ಏರು, ಇಳಿಜಾರು, ಕತ್ತಲೆ, ತಿರುವು. ಇನ್ನೊಂದು, ಆ ಯಂತ್ರಕ್ಕೆ ಹೊದಿಸಿದ ಕಥೆ: ಹೆಸರು, ಗೊಂಬೆ, ಹಾಡು, ಫಲಕ, ನಡೆಸುವವರ ಮಾತು. ಜನ ಪ್ರೀತಿಸುವುದು ಹೆಚ್ಚಾಗಿ ಮೊದಲನೆಯದನ್ನು. ನೋವು ಕೊಡುವುದು ಎರಡನೆಯದು. ಇವೆರಡೂ ಒಂದೇ ಎಂದುಕೊಂಡರೆ ‘ಸವಾರಿಯನ್ನೇ ಕಿತ್ತುಹಾಕಬೇಕೇ, ಇಲ್ಲ ಹಾಗೆಯೇ ಬಿಡಬೇಕೇ’ ಎಂಬ ಜಗಳದಲ್ಲಿ ಸಿಕ್ಕಿಬೀಳುತ್ತೀರಿ.

ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ ‘ಸ್ಪ್ಲಾಶ್ ಮೌಂಟನ್’ ಎಂಬ ನೀರಿನ ಸವಾರಿ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಅದು ಶುರುವಾದದ್ದು 1989ರಲ್ಲಿ. ಮರದ ದಿಮ್ಮಿಯ ದೋಣಿಯಲ್ಲಿ ಕುಳಿತು ಹಾಡು ಕೇಳುತ್ತ ಸಾಗಿ, ಕೊನೆಗೆ ಸುಮಾರು 50 ಅಡಿ ಎತ್ತರದಿಂದ ಜಾರಿ ನೀರಿಗೆ ಬೀಳುವುದೇ ಅದರ ಸುಖ. ಕಥೆಯನ್ನು ತೆಗೆದುಕೊಂಡದ್ದು ಮಾತ್ರ 1946ರ ಒಂದು ಚಲನಚಿತ್ರದಿಂದ. ತೋಟದ ಮಾಲೀಕರ ನೆರಳಿನಲ್ಲಿ ಕಪ್ಪು ಜನ ಹಾಡಿ ನಲಿದು ಸುಖವಾಗಿದ್ದರು ಎಂದು ತೋರಿಸುವ ಆ ಚಿತ್ರವನ್ನು ಕಪ್ಪು ಜನರ ಸಂಘಟನೆಗಳು ಬಿಡುಗಡೆಯ ಕಾಲದಲ್ಲೇ ವಿರೋಧಿಸಿದ್ದವು. 2020ರಲ್ಲಿ ಸಂಸ್ಥೆ ಕಥೆಯನ್ನು ಬದಲಿಸುವುದಾಗಿ ಪ್ರಕಟಿಸಿತು. 2023ರಲ್ಲಿ ಅಮೆರಿಕದ ಎರಡೂ ಕಡೆ ಹಳೆಯ ಸವಾರಿ ಮುಚ್ಚಿತು. 2024ರಲ್ಲಿ ಅದೇ ಕಾಲುವೆ, ಅದೇ ಇಳಿಜಾರಿನ ಮೇಲೆ ಟಿಯಾನಾ ಎಂಬ ಕಪ್ಪು ಹುಡುಗಿಯ ಕಥೆ ಶುರುವಾಯಿತು. ಅವಳು ನ್ಯೂ ಆರ್ಲಿಯನ್ಸ್ ಊರಿನವಳು, ಅಡುಗೆಯಲ್ಲಿ ಗಟ್ಟಿಗಿತ್ತಿ, ತನ್ನ ಉದ್ಯಮವನ್ನು ತಾನೇ ಕಟ್ಟಿದವಳು. ಜನ ಇಂದಿಗೂ ಅದೇ ಇಳಿಜಾರಿನಲ್ಲಿ ಕಿರುಚುತ್ತಾರೆ.

ಹೀಗಾಗಿ ನಿಮ್ಮ ಮೊದಲ ಕೆಲಸ ಒಂದು ನೋಟ್‌ಬುಕ್ ಹಿಡಿದು ನಿಮ್ಮದೇ ಸವಾರಿಯಲ್ಲಿ ಕನಿಷ್ಠ ಐದು ಸಲ ಕೂರುವುದು. ಒಂದು ಸಲ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಆಗ ಉಳಿಯುವ ಸುಖವೆಲ್ಲ ಯಂತ್ರದ್ದು, ಅದನ್ನು ಮುಟ್ಟಬೇಕಾಗಿಲ್ಲ. ಒಂದು ಸಲ ಕಿವಿ ಮುಚ್ಚಿ ಕುಳಿತರೆ ಗೊಂಬೆಗಳು ಏನು ಹೇಳುತ್ತಿವೆ ಎಂಬುದು ನಿಚ್ಚಳವಾಗುತ್ತದೆ. ಉಳಿದ ಸಲ ಎದುರಿನ ಸಾಲಿನಲ್ಲಿ ಹಿಂದಕ್ಕೆ ತಿರುಗಿ ಕುಳಿತು, ಗೊಂಬೆಗಳನ್ನು ಬಿಟ್ಟು ಜನರ ಮುಖಗಳನ್ನು ನೋಡಿ. ಯಾರು ಎಲ್ಲಿ ನಗುತ್ತಾರೆ, ಯಾರು ಎಲ್ಲಿ ಮುಖ ತಿರುಗಿಸುತ್ತಾರೆ ಎಂದು ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಹೆಸರುಗಳೂ ಸೇರಲಿ. ನಮ್ಮ ಜಾತ್ರೆಗಳಲ್ಲಿ ತೂಗುವ ಹಡಗಿಗೆ ಎಲ್ಲರೂ ‘ಕೊಲಂಬಸ್’ ಎನ್ನುತ್ತೇವೆ. ಆ ಮನುಷ್ಯ ಕಾಲಿಟ್ಟ ದ್ವೀಪಗಳ ಮೂಲನಿವಾಸಿಗಳಿಗೆ ಮುಂದೆ ಏನಾಯಿತು ಎಂದು ಓದಿದ ಮೇಲೆ ಆ ಹೆಸರನ್ನು ಕೂಗಿ ಟಿಕೆಟ್ ಮಾರಲು ನನಗಂತೂ ಮನಸ್ಸು ಬರುವುದಿಲ್ಲ. ‘ತೂಗುಹಡಗು’ ಎಂದರೆ ಹಡಗೇನೂ ಕಡಿಮೆ ತೂಗುವುದಿಲ್ಲ.

ಯಾರ ಗೊಂಬೆಯೋ ಅವರ ಮನೆಗೆ ಹೋಗಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಇದು, ಹೆಚ್ಚಿನವರು ಹಾರಿ ದಾಟುವುದೂ ಇದನ್ನೇ. ನಮ್ಮ ಕಚೇರಿಯಲ್ಲಿ ಕುಳಿತು ‘ಅವರಿಗೆ ಬೇಸರವಾಗದಂತೆ’ ಗೊಂಬೆ ಮಾಡಲು ಹೊರಟರೆ ಹಳೆಯ ತಪ್ಪಿನ ಜಾಗಕ್ಕೆ ಹೊಸ ತಪ್ಪೊಂದು ಬರುತ್ತದೆ. ಎಲೆಯ ಲಂಗದ ಭಯಂಕರ ಮನುಷ್ಯನ ಬದಲು ಎಲೆಯ ಲಂಗದ ಮುಗ್ಧ ಮನುಷ್ಯ ನಿಲ್ಲುತ್ತಾನೆ, ಅಷ್ಟೆ.

ಹಾಡಿಗೆ ಹೋಗುವ ಮೊದಲು ಕಾಲ ನೋಡಿಕೊಳ್ಳಿ. ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲು. ಆಗ ಹಾಡಿಯ ದೊಡ್ಡವರೆಲ್ಲ ಬೆಳಿಗ್ಗೆಯೇ ತೋಟಕ್ಕೆ ಹೋಗಿರುತ್ತಾರೆ, ನಿಮ್ಮ ಸಭೆಗಾಗಿ ಅವರು ಒಂದು ದಿನದ ಕೂಲಿ ಕಳೆದುಕೊಳ್ಳುವಂತಾಗಬಾರದು. ಯಾವ ಕಾಲದಲ್ಲಿ ಕರೆದರೂ ಅಂದಿನ ಕೂಲಿಗೆ ಕಡಿಮೆಯಿಲ್ಲದ ಹಣವನ್ನು ಸಲಹೆಗೆ ಕೊಡುವ ಗೌರವಧನವೆಂದು ಮೊದಲೇ ಹೇಳಿ ಕೊಡಿ. ನೀವು ಕರೆತರುವ ಎಂಜಿನಿಯರ್ ಸಲಹೆಗೆ ಶುಲ್ಕ ಪಡೆಯುತ್ತಾರಲ್ಲ, ಇದೂ ಅಂಥದೇ ಸಲಹೆ. ಹಾಡಿಯ ಯಜಮಾನರನ್ನು ಮೊದಲು ಕಂಡು ವಿಷಯ ತಿಳಿಸಿ. ಆದರೆ ಅವರೊಬ್ಬರ ಒಪ್ಪಿಗೆಯನ್ನೇ ಎಲ್ಲರ ಒಪ್ಪಿಗೆ ಎಂದು ತಿಳಿಯಬೇಡಿ. ಹೆಂಗಸರನ್ನು, ಪಟ್ಟಣದ ಕಾಲೇಜಿಗೆ ಹೋಗಿಬರುವ ಹುಡುಗ ಹುಡುಗಿಯರನ್ನು ಬೇರೆಯಾಗಿ ಕೇಳಿ. ಹಿರಿಯರು ಸುಮ್ಮನೆ ನಕ್ಕು ಬಿಟ್ಟುಬಿಡುವ ಮಾತನ್ನು ಕಿರಿಯರು ನೇರವಾಗಿ ಹೇಳಿಬಿಡುತ್ತಾರೆ.

ಹೋಗುವಾಗ ಹೊಸ ಚಿತ್ರ ಒಯ್ಯಬೇಡಿ. ಹಳೆಯ ಸವಾರಿಯ ಫೋಟೊಗಳನ್ನು ಒಯ್ಯಿರಿ, ಮೊಬೈಲಿನಲ್ಲಿ ವಿಡಿಯೊ ತೋರಿಸಿ. ನಾವು ತೋರಿಸಿದಾಗ ಒಂದೆರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಜ್ಜಿ ಕೇಳಿದರು: “ಈ ಹಂಡೆಯಲ್ಲಿ ಏನು ಬೇಯುತ್ತಿದೆ ಸಾರ್?” ಉತ್ತರ ಹೇಳಲು ನನಗೆ ನಾಚಿಕೆಯಾಯಿತು. ಹೇಳಿದೆ. ಅವರು ಸಿಟ್ಟಾಗಲಿಲ್ಲ. “ನಮ್ಮ ಹಂಡೆಯಲ್ಲಿ ಗೆಣಸು ಬೇಯುತ್ತದೆ” ಎಂದರು. ಇನ್ನೊಬ್ಬರು ದುಬಾರೆಯ ಆನೆ ಶಿಬಿರದಲ್ಲಿ ಆನೆ ನೋಡಿಕೊಳ್ಳುವ ಕಾವಾಡಿಯಾಗಿದ್ದವರು. ಅವರ ಆಕ್ಷೇಪ ಈಟಿಯ ಬಗ್ಗೆ: “ಆನೆಯನ್ನು ಮಾತಿನಲ್ಲಿ ನಿಲ್ಲಿಸುವವರು ನಾವು, ನಮ್ಮ ಕೈಗೆ ಇದನ್ನು ಯಾಕೆ ಕೊಟ್ಟಿರಿ?”

ಈ ಎರಡು ಮಾತುಗಳಿಂದಲೇ ನಮ್ಮ ಹೊಸ ಸವಾರಿ ಹುಟ್ಟಿತು. ತಿರುವಿನಲ್ಲಿ ಈಗ ರಾತ್ರಿಯ ಹೊತ್ತಿನ ಹೆಜ್ಜೇನು ಕೊಯ್ಲು ನಡೆಯುತ್ತಿದೆ. ಮುಗಿಲೆತ್ತರದ ಮರ, ಬಿದಿರಿನ ಏಣಿ, ಹೊಗೆ, ಮೇಲೆ ಹತ್ತಿದವನ ಕೈಯಲ್ಲಿ ಮಿಣುಕುವ ಸೂಡಿ, ಕೆಳಗೆ ಹಗ್ಗ ಹಿಡಿದು ನಿಂತ ಅವನ ಮನೆಯವರು. ದೋಣಿ ಹುಟ್ಟಿಯ ಅಡಿಯಲ್ಲೇ ಹಾದುಹೋಗುತ್ತದೆ, ಜೇನಿನ ಝೇಂಕಾರ ಕಿವಿಯ ಪಕ್ಕದಲ್ಲೇ ಬಂದು ಕೂರುತ್ತದೆ. ಹಂಡೆ ಹಾಗೆಯೇ ಇದೆ, ಅದರೊಳಗೆ ಗೆಣಸು ಬೇಯುತ್ತಿದೆ. ಈಟಿಯ ಕುಣಿತಕ್ಕಿಂತ ಮಕ್ಕಳು ಇಲ್ಲಿ ಹೆಚ್ಚು ಹೆದರುತ್ತಾರೆ, ಹೆಚ್ಚು ನಗುತ್ತಾರೆ.

ಒಂದು ವಿಷಯದಲ್ಲಿ ಹಾಡಿಯವರು ಒಪ್ಪಲಿಲ್ಲ. ಜೇನು ಇಳಿಸುವಾಗ ಹಾಡುವ ಒಂದು ಹಾಡನ್ನು ರೆಕಾರ್ಡ್ ಮಾಡಿ ಬಳಸಲು ಕೇಳಿದ್ದೆವು. ಅದು ಮರದ ಕೆಳಗೆ ಹಾಡುವ ಹಾಡು, ದಿನಕ್ಕೆ ನಲವತ್ತು ಸಲ ಯಂತ್ರದಲ್ಲಿ ಹಾಡಿಸುವುದಲ್ಲ ಎಂದರು. ಅಲ್ಲಿಗೆ ಬಿಟ್ಟೆವು. ಬೇಡ ಎಂದದ್ದನ್ನು ಬೇರೆ ದಾರಿಯಲ್ಲಿ, ಬೇರೆ ಊರಿನವರಿಂದ ಪಡೆಯಲು ಹೋಗಬೇಡಿ. ಕೇಳುವುದಕ್ಕೆ ಅರ್ಥ ಬರುವುದೇ ‘ಬೇಡ’ ಎಂಬ ಉತ್ತರವೂ ನಡೆಯುವಾಗ. ಕೊನೆಗೆ ಬಿದಿರಿನ ಸದ್ದು, ಜೀರುಂಡೆ, ಹೊಳೆಯ ಸದ್ದು ಸಾಕಾಯಿತು.

ಗೊಂಬೆಗಳ ಉಡುಪಿನ ಬಗ್ಗೆ ಅಲ್ಲಿನ ಒಬ್ಬ ವಿದ್ಯಾರ್ಥಿನಿ ಹೇಳಿದ್ದು ನನ್ನ ಮಟ್ಟಿಗೆ ಬಹಳ ದೊಡ್ಡ ಸಲಹೆ: ನಮ್ಮನ್ನು ಈ ಕಾಲದಲ್ಲೇ ನಿಲ್ಲಿಸಿ. ಆದ್ದರಿಂದ ಏಣಿಯ ಮೇಲಿರುವವನು ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿದ್ದಾನೆ. ಹಗ್ಗ ಹಿಡಿದವರಲ್ಲಿ ಒಬ್ಬಳು ಶಾಲೆಯ ಸಮವಸ್ತ್ರದಲ್ಲಿದ್ದಾಳೆ.

ಇದೇ ನಿಯಮ ಉಳಿದವರಿಗೂ ಅನ್ವಯಿಸುತ್ತದೆ. ಕೊಡವ ಗಂಡಸರ ನಿಲುವಂಗಿ, ನಡುಪಟ್ಟಿಯಾದ ಕುಪ್ಯಚೇಲೆ ತೊಟ್ಟು ನಡುವಿಗೆ ಪೀಚೆಕತ್ತಿ ಸಿಕ್ಕಿಸಿ ನಿಲ್ಲುವುದು ಕೊಡಗಿನಲ್ಲಿ ಮದುವೆಯ, ಹಬ್ಬದ ಗೌರವ. ಅದನ್ನು ಟಿಕೆಟ್ ಹರಿಯುವವನಿಗೆ, ಬಾಗಿಲು ಕಾಯುವವನಿಗೆ ಸಮವಸ್ತ್ರವಾಗಿ ತೊಡಿಸುವುದು ನೋಡುವವರ ಕಣ್ಣಿಗೆ ಚೆಂದವಿರಬಹುದು, ತೊಡುವ ಸಮುದಾಯಕ್ಕೆ ಚುಚ್ಚುತ್ತದೆ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಇದೆ. ಉಡುಗೆ, ಆಚರಣೆ, ಹೆಸರುಗಳ ಬಗ್ಗೆ ಸಂದೇಹ ಬಂದರೆ ಕೇಳಲು ಬಾಗಿಲುಗಳಿವೆ. ಒಂದು ಮಾತನ್ನು ಕಾನೂನಿನ ದೃಷ್ಟಿಯಿಂದಲೂ ನೆನಪಿಡಿ: ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರನ್ನು ಸಾರ್ವಜನಿಕರ ಎದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆದರೆ ಕಾಯ್ದೆಗೆ ಹೆದರಿ ಬದಲಿಸುವುದಕ್ಕಿಂತ ಆ ಇಬ್ಬರು ಹುಡುಗಿಯರ ಮುಖ ನೋಡಿ ಬದಲಿಸುವುದು ಮೇಲು.

ನಗು ಯಾರ ಮೇಲೆ ಬೀಳುತ್ತಿದೆ?

ಹಾಸ್ಯ ತೆಗೆದರೆ ಸವಾರಿ ಸಪ್ಪೆಯಾಗುತ್ತದೆ ಎಂಬ ಭಯ ಮಾಲೀಕರಿಗೆ ಸಹಜ. ಹಾಸ್ಯವನ್ನು ತೆಗೆಯಬೇಕಾಗಿಲ್ಲ, ಅದು ಬೀಳುವ ಜಾಗವನ್ನು ಬದಲಿಸಿದರೆ ಸಾಕು. ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದ ದಿನದಿಂದಲೂ ಇರುವ ‘ಜಂಗಲ್ ಕ್ರೂಸ್’ ದೋಣಿ ಸವಾರಿ ನಮ್ಮ ಕಾಲುವೆಯ ಸವಾರಿಗೆ ಮುತ್ತಜ್ಜನಿದ್ದಂತೆ. ಅಲ್ಲಿಯೂ ಈಟಿ ಹಿಡಿದ ಮೂಲನಿವಾಸಿಗಳಿದ್ದರು, ಕುಗ್ಗಿಸಿದ ಮನುಷ್ಯರ ತಲೆಗಳನ್ನು ಮಾರುವ ವ್ಯಾಪಾರಿಯ ಗೊಂಬೆ ಇತ್ತು. 2021ರಲ್ಲಿ ಅವನ್ನು ತೆಗೆದರು. ಘೇಂಡಾಮೃಗಕ್ಕೆ ಹೆದರಿ ಕಂಬ ಹತ್ತಿದವರ ಪ್ರಸಿದ್ಧ ದೃಶ್ಯ ಉಳಿಯಿತು, ಆದರೆ ಕಂಬದ ಮೇಲೆ ಈಗ ಬೇರೆ ಬೇರೆ ದೇಶದ, ತಮ್ಮದೇ ಹೆಸರು ಮತ್ತು ಕೆಲಸ ಇರುವ ಪ್ರಯಾಣಿಕರಿದ್ದಾರೆ. ದೋಣಿ ನಡೆಸುವವರ ಹಳೆಯ ಹಾಸ್ಯದ ಮಾತುಗಾರಿಕೆಗೆ ಕುತ್ತು ಬರಲಿಲ್ಲ. ಪೇಚಿಗೆ ಸಿಕ್ಕವರು ಪ್ರವಾಸಿಗರೇ ಆದಾಗ ದೋಣಿಯಲ್ಲಿ ಕುಳಿತ ಪ್ರವಾಸಿಗರು ಇನ್ನಷ್ಟು ಮನಸಾರೆ ನಗುತ್ತಾರೆ.

ಅರೆಮನಸ್ಸಿನ ಬದಲಾವಣೆ ಎರಡನೆಯ ಸಲ ಕೆಲಸ ಮಾಡಿಸುತ್ತದೆ ಎಂಬುದನ್ನೂ ಅಲ್ಲಿಂದಲೇ ಕಲಿಯಬಹುದು. 1967ರ ಕಡಲ್ಗಳ್ಳರ ಸವಾರಿಯಲ್ಲಿ ಕಳ್ಳರು ಹೆಂಗಸರನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವಿತ್ತು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆಂಗಸರ ಕೈಗೆ ಊಟದ ತಟ್ಟೆ ಕೊಟ್ಟು, ಕಳ್ಳರು ಬೆನ್ನಟ್ಟಿರುವುದು ಊಟವನ್ನು ಎಂದು ತೋರಿಸಿದರು. ಹಗ್ಗ ಕಟ್ಟಿ ನಿಲ್ಲಿಸಿದ ಹೆಂಗಸರನ್ನು ಹರಾಜು ಹಾಕುವ ದೃಶ್ಯ ಮಾತ್ರ ಉಳಿದುಕೊಂಡಿತು. ಅದು ಬದಲಾದದ್ದು 2018ರಲ್ಲಿ. ಹರಾಜಿಗಿದ್ದ ಕೆಂಪುಕೂದಲಿನ ಹೆಣ್ಣು ಆಗ ಕೈಯಲ್ಲಿ ಕೋವಿ ಹಿಡಿದು ತಾನೇ ಕಡಲ್ಗಳ್ಳಿಯಾದಳು, ಹರಾಜಾಗತೊಡಗಿದ್ದು ಕೊಳ್ಳೆಯ ಮಾಲು. ಒಂದೇ ಗೊಂಬೆಯ ಕೆಲಸ ಬದಲಾಯಿತು, ಇಡೀ ದೃಶ್ಯದ ಅರ್ಥ ತಿರುಗಿತು. ನೆದರ್‌ಲ್ಯಾಂಡ್ಸ್‌ನ ಎಫ್ಟೆಲಿಂಗ್ ಉದ್ಯಾನದಲ್ಲಿ ನರಭಕ್ಷಕನ ಸುತ್ತ ಹಂಡೆಗಳಲ್ಲಿ ಕುಳಿತು ತಿರುಗುವ, 1988ರ ಒಂದು ಆಟವಿತ್ತು. ಅವರೂ ತಿರುಗುವ ಯಂತ್ರವನ್ನು ಉಳಿಸಿಕೊಂಡು ಅದನ್ನು ಸಿಂದಬಾದ್ ನಾವಿಕನ ಬಿರುಗಾಳಿಯ ಕಡಲಾಗಿ ಮಾಡಿದರು. ಸುತ್ತುವುದಕ್ಕೆ ಹಂಡೆಗಿಂತ ಸುಳಿಯೇ ಸರಿಯಾದ ಕಾರಣ ಅಲ್ಲವೇ?

ಎಲ್ಲ ಬದಲಾವಣೆಯೂ ತೆಗೆಯುವುದೇ ಆಗಬೇಕೆಂದಿಲ್ಲ. 1964ರಲ್ಲಿ ನ್ಯೂಯಾರ್ಕ್ ಮೇಳಕ್ಕಾಗಿ ಮಾಡಿದ ಜಗತ್ತಿನ ಮಕ್ಕಳ ಗೊಂಬೆ ಸವಾರಿಗೆ 2022ರಲ್ಲಿ ಡಿಸ್ನಿಯವರು ಗಾಲಿಕುರ್ಚಿಯಲ್ಲಿ ಕುಳಿತ ಗೊಂಬೆಗಳನ್ನು ಸೇರಿಸಿದರು. ನೀವೂ ಸೇರಿಸಬಹುದು. ಆದರೆ ಗೊಂಬೆಗೆ ಗಾಲಿಕುರ್ಚಿ ಕೊಡುವ ಮೊದಲು ನಿಮ್ಮ ದೋಣಿಕಟ್ಟೆಗೆ ಇಳಿಜಾರು ಹಾದಿ ಕಟ್ಟಿಸಿ.

ಭಯದ ಮನೆ, ಗುಂಡಿನ ಆಟ

ನಮ್ಮ ಕಡೆಯ ಭಯದ ಮನೆಗಳಲ್ಲಿ ಎರಡು ತಪ್ಪುಗಳು ಕಾಣುತ್ತವೆ. ಒಂದು, ಮಾನಸಿಕ ಕಾಯಿಲೆಯವರನ್ನು ದೆವ್ವದಂತೆ ತೋರಿಸುವ ‘ಹುಚ್ಚಾಸ್ಪತ್ರೆ’. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನಲ್ಲಿ 2016ರಲ್ಲಿ ಇಂಥದೇ ಕಥೆಯ ಒಂದು ಆಟಕ್ಕೆ ಕಾಯಿಲೆಯವರ ಕುಟುಂಬಗಳು ಮತ್ತು ಸಂಘಟನೆಗಳು ಆಕ್ಷೇಪ ಎತ್ತಿದಾಗ, ತೆರೆದ ಕೆಲವೇ ದಿನಗಳಲ್ಲಿ ಅದನ್ನು ಮುಚ್ಚಿದರು. ಇನ್ನೊಂದು ನಮ್ಮದೇ ಮಣ್ಣಿನದು: ದೈವಾರಾಧನೆಯ ತೆರೆ ಕಟ್ಟುವವರ ಮುಖವರ್ಣಿಕೆಯನ್ನೂ ಗುಳಿಗ, ಕುಟ್ಟಿಚಾತನಂಥ ದೈವಗಳ ಅಣಿಯನ್ನೂ ಹೆದರಿಸುವ ಗೊಂಬೆಗೆ ತೊಡಿಸುವುದು. ಜನ ಕೈಮುಗಿದು ನಿಲ್ಲುವ ರೂಪವದು. ಕತ್ತಲು, ಮಂಜು, ಸಾಮ್ರಾಣಿ ಹೊಗೆ, ಹಳೆಯ ಬಂಗಲೆಯ ಕಿರುಗುಟ್ಟುವ ಬಾಗಿಲು, ಮಳೆಯ ರಾತ್ರಿಯಲ್ಲಿ ಯಾರೋ ಬಾಗಿಲು ತಟ್ಟುವ ಸದ್ದು ಸಾಕು. ಹೆದರಿಸಲು ಕೊಡಗಿನ ಮಳೆಗಾಲಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಭಯದ ಮನೆಯ ಅಲಂಕಾರ ಬದಲಿಸುವಾಗ ಬೆಂಕಿಯನ್ನು ಮರೆಯಬೇಡಿ. 1984ರ ಮೇ 11ರಂದು ಅಮೆರಿಕದ ನ್ಯೂಜೆರ್ಸಿಯ ಒಂದು ಉದ್ಯಾನದ ಭೂತಬಂಗಲೆಗೆ ಬೆಂಕಿ ಬಿದ್ದು ಎಂಟು ಮಂದಿ ಹದಿಹರೆಯದವರು ಸತ್ತರು. ಥರ್ಮಾಕೋಲ್, ಫೋಮ್, ಬಟ್ಟೆಯ ಪರದೆಗಳನ್ನು ಹೊಸದಾಗಿ ತುಂಬುವ ಮುನ್ನ ಅವು ಬೆಂಕಿ ಹರಡದ ಬಗೆಯವೇ ಎಂದು ನೋಡಿ, ತುರ್ತು ಬಾಗಿಲಿನ ದೀಪ ಉರಿಯುತ್ತಿದೆಯೇ ನೋಡಿ.

ಹುಲಿ, ಕಾಡೆಮ್ಮೆಗಳಿಗೆ ಗುರಿಯಿಡುವ ಗುಂಡಿನ ಆಟ ಹಲವು ಕಡೆ ಇದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ಕಳೆದಿದೆ. ಮಕ್ಕಳ ಕೈಯಲ್ಲಿ ಇನ್ನೂ ಹುಲಿಯನ್ನು ಉರುಳಿಸುವುದೇಕೆ? ಕೊಡಗಿನ ಕೈಲ್ ಮುಹೂರ್ತ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಈ ನೆಲದ್ದೇ ಸಂಭ್ರಮ. ಹುಲಿಯನ್ನು ಇಳಿಸಿ ತೆಂಗಿನಕಾಯಿ ತೂಗುಹಾಕಿ. ಗುರಿ ಚಿಕ್ಕದು, ಆಟ ಹೆಚ್ಚು ಕಷ್ಟ, ಹೆಚ್ಚು ಖುಷಿ.

ಕೊಡಗಿನವರು ಮಾತ್ರ ಗಮನಿಸುವ ಇನ್ನೆರಡು ವಿಷಯಗಳಿವೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ, ತೋಟ, ಮನೆಮಂದಿಯನ್ನು ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಹಾಗಿರುವಾಗ ‘ಗುಡ್ಡ ಕುಸಿತದ ರೋಮಾಂಚನ’ ಎಂದು ಸವಾರಿಗೆ ಹೆಸರಿಡಬೇಡಿ. ಕಾಡಾನೆ ಅಟ್ಟಿಸಿಕೊಂಡು ಬರುವ ತಮಾಷೆಯ ದೃಶ್ಯವೂ ಹಾಗೆಯೇ. ತೋಟಕ್ಕೆ ಹೋದವರು ಆನೆ ತುಳಿತಕ್ಕೆ ಸಿಕ್ಕಿ ಮರಳಿ ಬಾರದ ಮನೆಗಳು ಇಲ್ಲಿವೆ. ಆನೆಯನ್ನು ತೋರಿಸಲೇಬೇಕೆಂದರೆ ಹೊಳೆಯಲ್ಲಿ ಮೀಯುವ ಆನೆಯನ್ನು ತೋರಿಸಬಹುದು.

ಕೆಲಸಕ್ಕೆ ಕೈಹಾಕುವ ಕಾಲ

ಮಾತುಕತೆ, ಕಥೆ, ನಕ್ಷೆಗಳಿಗೆ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ ಹೇಳಿಮಾಡಿಸಿದ್ದು. ಪ್ರವಾಸಿಗರು ಕಡಿಮೆ, ಸವಾರಿ ಹೇಗೂ ಅರ್ಧ ದಿನ ನಿಂತಿರುತ್ತದೆ. ಆದರೆ ಆ ತಿಂಗಳುಗಳಲ್ಲಿ ಫೈಬರ್ ಗೊಂಬೆ ಎರಕ ಹೊಯ್ಯಬೇಡಿ. ತೇವದ ಗಾಳಿಯಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ, ಅದರ ಮೇಲೆ ಬಳಿದ ಬಣ್ಣ ಮುಂದಿನ ಮಳೆಗೆ ಸಿಪ್ಪೆಯೆದ್ದು ಬರುತ್ತದೆ. ಸೆಪ್ಟೆಂಬರ್‌ನಿಂದ ದಸರಾ ಮುಗಿಯುವವರೆಗೆ ಮಡಿಕೇರಿ, ಗೋಣಿಕೊಪ್ಪದ ಕಡೆ ಕೈಚಳಕದ ಕಲಾವಿದರು ಯಾರೂ ಬಿಡುವಾಗಿರುವುದಿಲ್ಲ. ವಿಜಯದಶಮಿ ಮುಗಿದು ಒಂದು ವಾರ ಅವರು ನಿದ್ದೆ ಮಾಡಲಿ. ಅಲ್ಲಿಂದ ಡಿಸೆಂಬರ್ ರಜೆಯ ಗದ್ದಲದವರೆಗಿನ ಸುಮಾರು ಎರಡು ತಿಂಗಳು ನಿಮ್ಮವು. ಗೊಂಬೆಗಳನ್ನು ಕುಶಾಲನಗರದ ಬಯಲಿನಲ್ಲಿ ಮಾಡಿಸಿ. ಮಡಿಕೇರಿಯ ಮಂಜಿಗಿಂತ ಅಲ್ಲಿನ ಒಣಹವೆ ಕೆಲಸಕ್ಕೆ ಒಳ್ಳೆಯದು.

ದೂರದ ನಗರದಿಂದ ಸಿದ್ಧ ಗೊಂಬೆ ತರಿಸುವ ಬದಲು ಈ ಕಲಾವಿದರನ್ನೇ ಕರೆಯಿರಿ ಎಂಬುದು ನನ್ನ ಬಲವಾದ ಒತ್ತಾಯ. ಕಣ್ಣು ಮಿಟುಕಿಸುವ, ಎದೆ ಏರಿಳಿಸುವ, ಹತ್ತಡಿ ಎತ್ತರಕ್ಕೆ ನೆಗೆಯುವ ಗೊಂಬೆಗಳನ್ನು ಒಂದೇ ರಾತ್ರಿಯ ಪ್ರದರ್ಶನಕ್ಕಾಗಿ ತಿಂಗಳುಗಟ್ಟಲೆ ಮಾಡುವವರು ಅವರು. ಒಂದು ವ್ಯತ್ಯಾಸವನ್ನು ಮಾತ್ರ ಅವರಿಗೆ ತಿಳಿಸಿ: ಮಂಟಪದ ಗೊಂಬೆ ಒಂದು ರಾತ್ರಿ ಆಡಿದರೆ ಸಾಕು, ಸವಾರಿಯ ಗೊಂಬೆ ವರ್ಷವಿಡೀ ಆಡಬೇಕು. ಆದ್ದರಿಂದ ಚಲನೆಗಳು ಕಡಿಮೆಯಿರಲಿ, ನಿಧಾನವಾಗಿರಲಿ, ಕೀಲುಗಳು ಬಿಚ್ಚಿ ಎಣ್ಣೆ ಹಾಕಲು ಸಿಗುವಂತಿರಲಿ. ಮುಖಕ್ಕೆ ಹೆಚ್ಚು ದಿನ ಕೊಡಿ. ಮೈಬಣ್ಣವನ್ನು ಡಬ್ಬಿಯಿಂದ ನೇರವಾಗಿ ಬಳಿಯಬೇಡಿ. ನಾಲ್ಕಾರು ನಿಜವಾದ ಮುಖಗಳನ್ನು ಅವರ ಒಪ್ಪಿಗೆಯಿಂದ ನೋಡಿ ಬೆರೆಸಿ. ಒಂದೇ ಅಚ್ಚಿನಿಂದ ಎಂಟು ಮುಖ ತೆಗೆದರೆ ಅದು ಮತ್ತೆ ‘ಕಾಡುಜನ’ವೇ ಆಗುತ್ತದೆ.

ಯಂತ್ರವನ್ನು ಮುಟ್ಟುತ್ತಿಲ್ಲ ಎಂದುಕೊಂಡರೂ ಗೊಂಬೆಯ ಜಾಗ ಬದಲಾದರೆ ಸುರಕ್ಷತೆಯ ಲೆಕ್ಕ ಬದಲಾಗುತ್ತದೆ. ದೋಣಿಯಲ್ಲಿ ಕುಳಿತ ಎತ್ತರದ ಮನುಷ್ಯ ಕೈ ಚಾಚಿದರೆ ಎಷ್ಟು ದೂರ ಮುಟ್ಟುತ್ತಾನೋ ಅದಕ್ಕಿಂತ ಹೆಚ್ಚಿನ ಅಳತೆಯ ಮರದ ಚೌಕಟ್ಟೊಂದನ್ನು ಮಾಡಿ ಖಾಲಿ ದೋಣಿಗೆ ಬಿಗಿದು ಇಡೀ ಹಾದಿ ಓಡಿಸಿ. ಚೌಕಟ್ಟು ಎಲ್ಲಿಯೂ ತಾಗಬಾರದು. ದೋಣಿಗೇ ಹೊಸ ಅಲಂಕಾರ ಜೋಡಿಸುವುದಾದರೆ ಅದರ ತೂಕವನ್ನು ಯಂತ್ರ ತಯಾರಿಸಿದವರಿಗೆ ತಿಳಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಆಮೇಲೆ ಮರಳಿನ ಚೀಲ ಕೂರಿಸಿ ದಿನಗಟ್ಟಲೆ ಓಡಿಸಿ, ಅರ್ಹ ಎಂಜಿನಿಯರ್ ಪರೀಕ್ಷಿಸಿ ಸಹಿ ಹಾಕಿದ ನಂತರವೇ ಮನುಷ್ಯರನ್ನು ಕೂರಿಸಿ.

ದೋಣಿ ನಡೆಸುವವರ ಮಾತು

ಗೊಂಬೆಗಳನ್ನು ಬದಲಿಸಿಯೂ ಸವಾರಿ ಹಳೆಯದಾಗಿಯೇ ಉಳಿಯುವುದು ಮೈಕ್ ಹಿಡಿದವರ ಮಾತಿನಿಂದ. ನಮ್ಮಲ್ಲಿ ಹೊಸ ಗೊಂಬೆಗಳು ಬಂದ ಎರಡನೆಯ ದಿನವೇ ಒಬ್ಬ ಹುಡುಗ ರೂಢಿಯಂತೆ “ಎಚ್ಚರ, ಕಾಡುಜನ ಬರುತ್ತಾರೆ, ದಪ್ಪಗಿರುವವರು ಮೊದಲು ಅಡಗಿಕೊಳ್ಳಿ” ಎಂದುಬಿಟ್ಟ. ಅವನ ತಪ್ಪಲ್ಲ, ನಾವು ಅವನಿಗೆ ಬೇರೆ ಮಾತು ಕೊಟ್ಟಿರಲಿಲ್ಲ. ‘ಇದನ್ನು ಹೇಳಬೇಡ’ ಎಂಬ ಪಟ್ಟಿಯೊಂದರಿಂದ ಯಾರೂ ಮಾತುಗಾರರಾಗುವುದಿಲ್ಲ. ಸಿಬ್ಬಂದಿಯನ್ನು ಕೂರಿಸಿಕೊಂಡು ಹೊಸ ಹಾಸ್ಯ ಬರೆಯಿರಿ: ಮಳೆಯ ಬಗ್ಗೆ, ಜಿಗಣೆಯ ಬಗ್ಗೆ, ಸಿಗ್ನಲ್ ಸಿಗದ ಮೊಬೈಲಿನ ಬಗ್ಗೆ, ಮಡಿಕೇರಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬಂದ ಪ್ರವಾಸಿಯ ಬಗ್ಗೆ. ಹೊಸ ಮಾತುಗಳಲ್ಲಿ ಹೆಚ್ಚು ಚಪ್ಪಾಳೆ ಗಿಟ್ಟಿಸಿದ್ದು ಜಿಗಣೆ, ಅದನ್ನು ಬರೆದವನು ಅದೇ ಹುಡುಗ.

ಭಾಷೆಯ ವಿಷಯದಲ್ಲಿ ಒಂದೇ ನಿಯಮ. ಇಲ್ಲದ ಭಾಷೆಯನ್ನು ಕೂಗಿಸಬೇಡಿ. ಗೊಂಬೆ ಮಾತಾಡಬೇಕಿದ್ದರೆ ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಜೇನು ಕುರುಬರ ನುಡಿಯಲ್ಲೋ ಮಾತಾಡಲಿ, ಆ ಭಾಷೆಯನ್ನು ಮನೆಯಲ್ಲಿ ಆಡುವವರೇ ಅದಕ್ಕೆ ದನಿ ಕೊಡಲಿ, ಅವರ ಹೆಸರು ಫಲಕದ ಮೇಲೆ ಬರಲಿ.

ಬಾಗಿಲು ತೆರೆಯುವಾಗ, ತೆರೆದ ಮೇಲೆ

ಮೊದಲ ದೋಣಿ ಹಾಡಿಯವರಿಗೆ. ರಿಬ್ಬನ್, ಭಾಷಣ, ಫೋಟೊ ಯಾವುದೂ ಬೇಡ. ಸುಮ್ಮನೆ ಕೂರಿಸಿಕೊಂಡು ಹೋಗಿ, ಮರಳಿ ಬಂದ ಮೇಲೆ ಚಹಾ ಕೊಟ್ಟು ಕೇಳಿ. ಆ ದಿನ ಅವರು ಹೇಳುವ ತಿದ್ದುಪಡಿಗೆ ಹಣ, ಸಮಯ ಎರಡನ್ನೂ ಮೊದಲೇ ಎತ್ತಿಟ್ಟಿರಬೇಕು. ಎಲ್ಲ ಮುಗಿದ ಮೇಲೆ ಕೇಳಿದರೆ ಕೇಳಿದ ಹಾಗಾಗುವುದಿಲ್ಲ.

ಹಳೆಯದನ್ನು ಪ್ರೀತಿಸಿದವರು ಬಂದೇ ಬರುತ್ತಾರೆ. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ಆ ಗೊಂಬೆಗಳಿಗೆ ಹೆದರಿದ್ದೆ, ಯಾಕೆ ತೆಗೆದಿರಿ ಎಂದು ಒಬ್ಬರು ನನ್ನನ್ನು ನಿಜವಾದ ದುಃಖದಿಂದ ಕೇಳಿದರು. ಅಂಥವರನ್ನು ಕೆಟ್ಟವರೆಂದು ಕಾಣಬೇಡಿ. ಅವರು ನೆನಪಿಟ್ಟುಕೊಂಡಿರುವುದು ಅಪ್ಪನ ತೊಡೆಯನ್ನು, ಈಟಿಯನ್ನಲ್ಲ. ಕಾಲುವೆ ಅದೇ, ಇಳಿಜಾರು ಅದೇ, ಬನ್ನಿ ಎಂದು ದೋಣಿ ಹತ್ತಿಸಿ. ಯಾಕೆ ಬದಲಾಯಿಸಿದ್ದೀರಿ ಎಂಬುದನ್ನು ಕಾಯುವ ಸಾಲಿನ ಬಳಿ ನಾಲ್ಕೇ ಸಾಲಿನಲ್ಲಿ, ಮುಚ್ಚುಮರೆಯಿಲ್ಲದೆ ಬರೆದು ಹಾಕಿ. ‘ನವೀಕರಣ’ ಎಂಬ ಪದದ ಹಿಂದೆ ಅಡಗಬೇಡಿ.

ಹಳೆಯ ಗೊಂಬೆಗಳನ್ನು ಹೊಳೆಗೂ ಗುಜರಿಗೂ ಎಸೆಯುವ ಮೊದಲು ನಾಲ್ಕು ಕಡೆಯ ಫೋಟೊ ತೆಗೆದು, ಯಾವ ಕಾಲದಲ್ಲಿ ಮಾಡಿದ್ದು, ಎಲ್ಲಿ ನಿಂತಿತ್ತು ಎಂದು ಬರೆದಿಡಿ. ನಾವು ಎಂಟರಲ್ಲಿ ಏಳನ್ನು ಒಡೆದು, ಒಳಗಿನ ಕಬ್ಬಿಣವನ್ನು ಜೇನಿನ ಏಣಿಗೆ ಬಳಸಿದೆವು. ಒಂದನ್ನು ಉಗ್ರಾಣದಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದೇವೆ. ಹೊಸದಾಗಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಬಟ್ಟೆ ಸರಿಸಿ ತೋರಿಸುತ್ತೇವೆ.

ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಯಂತ್ರದ ತಪಾಸಣೆಯ ಜೊತೆಗೇ ಕಥೆಯ ತಪಾಸಣೆಯೂ ನಡೆಯಲಿ. ಯಂತ್ರದ ನೋಂದಣಿ ಪುಸ್ತಕದಲ್ಲೇ ಅದಕ್ಕೊಂದು ಪುಟ ಮೀಸಲಿಡಿ. ಹೋದ ಸಲ ನಮ್ಮ ಪುಟದಲ್ಲಿ ಹಾಡಿಯ ಯಜಮಾನರು ಹೇಳಿ ಬರೆಸಿದ್ದು ಒಂದೇ ಸಾಲು: ಏಣಿಯ ಮೇಲಿನವನ ಹೊಗೆಯ ಸೂಡಿ ಗಾಳಿಗೆ ಎದುರಾಗಿದೆ, ತಿರುಗಿಸಬೇಕು. ಮಾರನೆಯ ದಿನವೇ ತಿರುಗಿಸಿದೆವು.